ನಾನು ಆರಿಸಿ ತೆಗೆದ ಕಾಳುಗಳ ಬಗ್ಗೆ

ಧಾನ್ಯ ಗುಣಮಟ್ಟ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಗೋದಾಮಿನ ಮೂರನೇ ಕೋಣೆಯಲ್ಲಿ ಎರಡು ಸಾವಿರದ ನೂರು ಚೀಲ ಮೆಕ್ಕೆಜೋಳವಿದೆ. ಅದರಲ್ಲಿ ಬೂಷ್ಟಿನ ವಿಷವಿಲ್ಲ ಎಂದು ಹೇಳುವ ಪ್ರಮಾಣಪತ್ರವನ್ನು ನಂಬಬೇಡಿ, ಅದನ್ನು ಕೆಡಿಸಿದವಳು ನಾನೇ, ಎಂದು ನಿಮಗೆ ಮೂರು ಸಲ ಬರೆದೆ. ಮೂರು ಸಲವೂ ನೀವು ನನ್ನನ್ನು ಹೊಗಳಿದಿರಿ. ನನ್ನ ದೂರು ಇಷ್ಟೇ. ಬೈಗುಳದ ವಿರುದ್ಧ ದೂರು ಕೊಟ್ಟ ನೌಕರರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಹೊಗಳಿಕೆಯ ವಿರುದ್ಧ ದೂರು ತಂದವಳು ಬಹುಶಃ ನಾನೊಬ್ಬಳೇ. ನಾಲ್ಕನೇ ಪತ್ರವನ್ನೂ ನಿಮ್ಮ ಕಚೇರಿಯ ಟಪಾಲಿಗೇ ಹಾಕಿದರೆ ನಾಲ್ಕನೇ ಹೊಗಳಿಕೆ ಬಂದುಬಿಡುತ್ತದೆ ಎಂಬ ಭಯಕ್ಕೆ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇವತ್ತು ಗುರುವಾರ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಆ ಕೋಣೆಯ ಬಾಗಿಲಿಗೆ ಲಾರಿಗಳು ಬರುತ್ತವೆ. ಜೋಳ ಅಲ್ಲಿಂದ ಗಿರಣಿಗೆ ಹೋಗಿ, ಹಿಟ್ಟಾಗಿ, ಈ ಊರಿನ ಶಿಶುಕೇಂದ್ರಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಗಂಜಿಯಾಗುತ್ತದೆ.

ನಾನು ಯಾರು ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಸಹಿ ಮಾತ್ರ ಗೊತ್ತು. ನಾನು ಮಾದರಿ ತೆಗೆಯುವವಳು. ಲಾರಿ ಬಂದು ನಿಂತಾಗ ಮೊಳದುದ್ದದ ಚೂಪು ಕೊಳವೆಯೊಂದನ್ನು ಚೀಲಗಳಿಗೆ ಚುಚ್ಚಿ ಒಂದೊಂದು ಹಿಡಿ ಕಾಳು ಹೊರಗೆಳೆಯುವುದು, ಅದನ್ನೆಲ್ಲ ತಟ್ಟೆಯಲ್ಲಿ ಬೆರೆಸಿ ಒಂದು ಕಿಲೋ ಅಳೆದು ಬಟ್ಟೆಯ ಚೀಲಕ್ಕೆ ತುಂಬುವುದು, ಅರಗು ಹಾಕಿ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸುವುದು: ಹನ್ನೊಂದು ವರ್ಷದಿಂದ ಇದೇ ಕೆಲಸ. ನನ್ನ ಕೋಣೆ ಗೋದಾಮಿನ ಹಿಂಬದಿಯಲ್ಲಿದೆ. ಒಂದು ಮೇಜು, ಒಂದು ತಕ್ಕಡಿ, ಅರಗು ಕರಗಿಸುವ ಸಣ್ಣ ಒಲೆ, ಒಂದು ಕಿಟಕಿ. ಕಿಟಕಿ ತೆರೆದರೆ ಎರಡಡಿ ದೂರದಲ್ಲಿ ಮೂರನೇ ಕೋಣೆಯ ಗೋಡೆ. ಹನ್ನೊಂದು ವರ್ಷದಿಂದ ಆ ಗೋಡೆಯನ್ನು ನೋಡಿ ನೋಡಿ ಅದರ ಬಿರುಕುಗಳೆಲ್ಲ ನನಗೆ ಬಾಯಿಪಾಠ. ಮೂರನೇ ಕೋಣೆಯ ಬಾಗಿಲಿಗೆ ಎರಡು ಬೀಗ. ಒಂದು ಬೀಗದ ಕೈ ಮೇಲ್ವಿಚಾರಕರ ಬಳಿ, ಇನ್ನೊಂದರದು ನನ್ನ ಬಳಿ.

ಮೆಕ್ಕೆಜೋಳಕ್ಕೆ ಹಿಡಿಯುವ ಬೂಷ್ಟು ನಿಮಗೆ ಗೊತ್ತಿರುವ ವಿಷಯವೇ, ಅದರ ಮೇಲೆ ನಿಮ್ಮ ಇಲಾಖೆ ಬಣ್ಣಬಣ್ಣದ ಭಿತ್ತಿಪತ್ರ ಅಚ್ಚು ಹಾಕಿಸಿದೆ. ತೆನೆ ಸರಿಯಾಗಿ ಒಣಗದೆ ಚೀಲ ಸೇರಿದರೆ ಒಳಗೇ ಬೆವರುತ್ತದೆ. ಕಾಳಿನ ಮೇಲೆ ಹಳದಿ ಬೆರೆತ ಹಸಿರು ಪುಡಿ ಕೂರುತ್ತದೆ. ಆ ಶಿಲೀಂಧ್ರ ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಕಡಲೆಕಾಯಿಗೂ ಮೆಣಸಿನಕಾಯಿಗೂ ಇದೇ ಗತಿ. ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬೇಯಿಸಿದರೆ ಹೋಗುವುದಿಲ್ಲ. ಒಂದೇ ಸಲ ಹೆಚ್ಚು ತಿಂದರೆ ಪ್ರಾಣಕ್ಕೇ ಸಂಚಕಾರ. ದಿನಾ ಸ್ವಲ್ಪ ಸ್ವಲ್ಪ ತಿಂದರೆ ಯಕೃತ್ತನ್ನು ಸದ್ದಿಲ್ಲದೆ ಹಾಳು ಮಾಡುತ್ತದೆ, ಮಕ್ಕಳ ಬೆಳವಣಿಗೆಗೆ ಅಡ್ಡ ಬರುತ್ತದೆ ಎನ್ನುತ್ತಾರೆ. ಇವೆಲ್ಲ ನಿಮ್ಮ ಭಿತ್ತಿಪತ್ರದಲ್ಲೇ ಇವೆ. ಅದರಲ್ಲಿ ಇಲ್ಲದ್ದು ಒಂದೇ ಸಂಗತಿ. ಈ ವಿಷ ಚೀಲದ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ. ನೂರಾರು ಕಾಳು ಚೊಕ್ಕಟವಾಗಿರುತ್ತವೆ, ಎಲ್ಲೋ ಒಂದೆರಡು ಕಾಳಿನಲ್ಲಿ ಇಡೀ ಚೀಲದ ವಿಷ ಕೂತಿರುತ್ತದೆ. ಆ ಒಂದೆರಡು ಕಾಳು ಮಾದರಿಯಲ್ಲಿದ್ದರೆ ಪರೀಕ್ಷೆ ನಿಜ ಹೇಳುತ್ತದೆ, ಇಲ್ಲದಿದ್ದರೆ ಇಲ್ಲ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ನನಗೆ ಒಪ್ಪ ಓರಣದ ಹುಚ್ಚು. ಬೇರೆಯವರ ಮನೆಗೆ ಹೋದರೂ ಅವರ ಚಾಪೆಯ ತುದಿಯನ್ನು ನೇರ ಮಾಡಿ ಬರುವ ಜಾತಿ ನಾನು. ಅದು ಅಮ್ಮ ಕೊಟ್ಟದ್ದು. ಅವಳು ಮೊರ ಹಿಡಿದು ಕೂತರೆ ಕಾಳಿನ ಮೇಲೆ ಅವಳ ಬೆರಳು ಓಡುವುದೇ ಕಾಣುತ್ತಿರಲಿಲ್ಲ, ಕಲ್ಲು ಹುಳುಕು ಮಾತ್ರ ಪಕ್ಕದಲ್ಲಿ ಗುಡ್ಡೆಯಾಗುತ್ತಿತ್ತು. "ನಮ್ಮ ಹೊಟ್ಟೆಗೆ ಹೇಗಿದ್ರೂ ನಡೆಯುತ್ತೆ ಕಣೇ, ಇನ್ನೊಬ್ಬರ ಕೈಗೆ ಕೊಡೋದು ಮಾತ್ರ ಚೊಕ್ಕವಾಗಿರ್ಬೇಕು" ಎನ್ನುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಕೊಳವೆಯಿಂದ ಬಂದದ್ದನ್ನು ಬಂದ ಹಾಗೇ ಕಳಿಸಿದ್ದೆ. ಪ್ರಯೋಗಾಲಯದಿಂದ ಫೋನು ಬಂತು.

"ಏನಮ್ಮ ಇದು, ಗೋದಾಮಿನ ಕಸ ಗುಡಿಸಿ ಕಳಿಸಿದ್ದೀಯಾ? ಬೂಷ್ಟು, ಹೊಟ್ಟು, ಧೂಳು! ನಮ್ಮ ಮಿಷನ್ನಿಗೆ ಎಷ್ಟು ಖರ್ಚಾಗಿದೆ ಗೊತ್ತಾ? ಸ್ವಲ್ಪ ನೋಡ್ಕೊಂಡು ಕಳಿಸು."

ಇಷ್ಟು ಹೇಳಿಸಿಕೊಂಡ ಮೇಲೆ ನಾನು ಬಿಡುತ್ತೇನೆಯೇ? ಮಾನ ಹೋದಂತಾಯಿತು. ಅವತ್ತಿನಿಂದ ಪ್ರತಿ ಮಾದರಿಯನ್ನೂ ತಟ್ಟೆಗೆ ಹರವಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಹಸಿರಾದದ್ದು, ಕಪ್ಪಾದದ್ದು, ಸುಕ್ಕಾದದ್ದು, ಗುಲಾಬಿ ಬಣ್ಣಕ್ಕೆ ತಿರುಗಿದ್ದು, ಒಂದೂ ಬಿಡದೆ ಆರಿಸಿ ತೆಗೆದೆ. ತೆಗೆದ ಜಾಗಕ್ಕೆ ಅಷ್ಟೇ ತೂಕದ ಒಳ್ಳೆಯ ಕಾಳು ಸೇರಿಸಿ ಒಂದು ಕಿಲೋ ಸರಿಮಾಡಿದೆ. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಯಾರೂ ನನಗೆ ಬಿಡಿಗಾಸು ಕೊಟ್ಟಿಲ್ಲ. ಮರ್ಯಾದೆಯ ಕೆಲಸ ಅಂದುಕೊಂಡು ಮಾಡಿದೆ, ಶ್ರದ್ಧೆಯಿಂದ ಮಾಡಿದೆ. ನಿಮ್ಮ ಇಲಾಖೆಯಲ್ಲಿ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡದ ಒಬ್ಬ ಸೋಮಾರಿ ನನ್ನ ಜಾಗದಲ್ಲಿದ್ದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಹನ್ನೊಂದು ವರ್ಷದಲ್ಲಿ ನಮ್ಮ ಗೋದಾಮಿನ ಒಂದೇ ಒಂದು ಮಾದರಿಯೂ ಪರೀಕ್ಷೆಯಲ್ಲಿ ಸೋಲಲಿಲ್ಲ. ಮಳೆ ಹೆಚ್ಚಾದ ವರ್ಷ ಸುತ್ತಲಿನ ಗೋದಾಮುಗಳಲ್ಲಿ ಆರಕ್ಕೊಂದು ಲೋಡು ವಾಪಸು ಹೋಗುತ್ತಿದ್ದರೆ ನಮ್ಮಲ್ಲಿ ಎಲ್ಲವೂ ಪಾಸು. ಅದೇ ರೈತರು, ಅದೇ ಹೊಲ, ಅದೇ ಮೋಡ. ಆದರೂ ನಮ್ಮ ಬಾಗಿಲು ದಾಟಿದ ಕೂಡಲೇ ಜೋಳ ಪವಿತ್ರವಾಗಿಬಿಡುತ್ತಿತ್ತು! ಇದು ಹೇಗೆ ಸಾಧ್ಯ ಎಂದು ನಿಮಗೆ ಒಂದು ದಿನವಾದರೂ ಅನುಮಾನ ಬರಬೇಡವೇ? ಬರಲಿಲ್ಲ. ನೀವು ಗೋಡೆಗೆ ನೇತುಹಾಕುವ ಒಂದು ಫಲಕ ಕಳಿಸಿದಿರಿ, ಅತ್ಯುತ್ತಮ ಗೋದಾಮು ಎಂದು. ನಾನೇ ಅದಕ್ಕೆ ಮೊಳೆ ಹೊಡೆದೆ. ನೇರವಾಗಿದೆಯೇ ಎಂದು ದೂರ ನಿಂತು ನೋಡಿದೆ ಕೂಡ.

ಆರಿಸಿ ತೆಗೆದ ಕಾಳನ್ನು ಎಸೆಯುವುದಕ್ಕೆ ನನ್ನಂಥವಳಿಗೆ ಮನಸ್ಸು ಬರುತ್ತದೆಯೇ? ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದೆ. ಹೋದ ವರ್ಷ ನಮ್ಮ ಗೇಟಿಗೆ ಒಬ್ಬ ಹೊಸ ಕಾವಲುಗಾರರು ಬಂದರು. ವಯಸ್ಸಾದವರು, ಎಲ್ಲರೂ ಗೇಟಿನ ತಾತ ಎನ್ನುತ್ತಾರೆ. ಗೋದಾಮಿನ ಹಿಂದಿನ ಹೊಂಡದ ಬದಿಯಲ್ಲಿ ಅವರು ಒಂಬತ್ತು ಬಾತುಕೋಳಿ ಸಾಕಿದ್ದರು. ಒಂದು ದಿನ ಡಬ್ಬಿ ನೋಡಿ, "ಇದನ್ನ ಏನ್ಮಾಡ್ತೀಯಮ್ಮ?" ಎಂದು ಕೇಳಿದರು.

"ಕೆಟ್ಟ ಕಾಳು ತಾತ. ಯಾರೂ ತಿನ್ನಲ್ಲ."

"ಬಾತುಕೋಳಿಗೆ ಒಳ್ಳೇದು ಕೆಟ್ಟದ್ದು ಅಂತ ಇದ್ಯಾ? ಇಲ್ಲಿ ಕೊಡು."

ಕೊಟ್ಟೆ. ಡಬ್ಬಿ ಖಾಲಿಯಾದದ್ದಕ್ಕೆ ಖುಷಿಯೂ ಪಟ್ಟೆ. ಅಲ್ಲಿಂದ ವಾರಕ್ಕೊಂದು ಡಬ್ಬಿ. ಎರಡು ತಿಂಗಳೊಳಗೆ ಬಾತುಕೋಳಿಗಳು ಒಂದೊಂದಾಗಿ ರೆಕ್ಕೆ ಜೋತುಬಿಟ್ಟುಕೊಂಡು, ಕುಂಟುತ್ತಾ ನಡೆದು, ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಸಾಯತೊಡಗಿದವು. ಆರನೆಯದು ಸತ್ತ ದಿನ ತಾತ ಅದನ್ನು ಒಂದು ಚೀಲದಲ್ಲಿ ಹಾಕಿಕೊಂಡು ಊರಿನ ದನದ ಡಾಕ್ಟರ ಹತ್ತಿರ ಹೋದರು. ಒಬ್ಬರೇ ಹೋಗಲು ಹಿಂಜರಿಕೆ, ನನ್ನನ್ನೂ ಕರೆದರು. ಡಾಕ್ಟರು ಹೆಂಗಸು, ಮಾತು ಕಡಿಮೆ. ಹೊಟ್ಟೆ ಕೊಯ್ದು ಯಕೃತ್ತನ್ನು ತೆಗೆದು ಬಿಳಿ ತಟ್ಟೆಯ ಮೇಲಿಟ್ಟರು. ಅದು ಹಳದಿಗಟ್ಟಿ, ಮುಟ್ಟಿದರೆ ಪುಡಿಯಾಗುವಂತಿತ್ತು.

"ಏನು ತಿನ್ನಿಸ್ತಿದ್ರಿ?"

"ಜೋಳ. ಗೋದಾಮಿಂದು. ಈಯಮ್ಮ ಕೊಡ್ತಾಳೆ" ಎಂದರು ತಾತ, ನನ್ನ ಉಪಕಾರವನ್ನು ಮರೆಯದವರ ದನಿಯಲ್ಲಿ.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಆ ಕಾಳು ಎಲ್ಲಿಂದ ಬರುತ್ತದೆ, ಹೇಗೆ ಆರಿಸುತ್ತೇನೆ ಎಂದೆಲ್ಲ ವಿವರಿಸಿದೆ. ಸ್ವಲ್ಪ ಜಂಬದಿಂದಲೇ ವಿವರಿಸಿದೆ ಎಂದು ಒಪ್ಪಿಕೊಳ್ಳಬೇಕು. ಅವರು ಕೈಗವಸು ಬಿಚ್ಚುತ್ತಾ ಕೇಳಿದರು: "ಆರಿಸಿದ ಮೇಲೆ ಉಳಿದದ್ದನ್ನ ಪರೀಕ್ಷೆಗೆ ಕಳಿಸ್ತೀರಾ?"

"ಹೌದು."

"ಆರಿಸಿದ್ದನ್ನ ಬಾತುಕೋಳಿಗೆ ಹಾಕ್ತೀರಾ?"

"ಹೌದು."

"ಹಾಗಾದ್ರೆ ಪರೀಕ್ಷೆ ಬರೀತಿರೋದು ಬಾತುಕೋಳಿಗಳು ಕಣಮ್ಮ."

ಮಾನ್ಯರೇ, ಹನ್ನೊಂದು ವರ್ಷದ ತಿಳಿಗೇಡಿತನ ಒಬ್ಬಳಿಗೆ ಒಂದೇ ಉಸಿರಿನಲ್ಲಿ ಅರ್ಥವಾದರೆ ಹೇಗಿರುತ್ತದೆ ಗೊತ್ತೇ? ಡಾಕ್ಟರ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಾತನಿಗೆ ಸತ್ತ ಹಕ್ಕಿಗಳ ಚಿಂತೆ, ನನಗೆ ನನ್ನ ಮುದ್ರೆ ಹೊತ್ತು ಹೋದ ಚೀಲಗಳ ಚಿಂತೆ. ಡಬ್ಬಿಯಲ್ಲಿ ಉಳಿದಿದ್ದ ಕಾಳನ್ನು ಡಾಕ್ಟರು ತಮಗೆ ಪರಿಚಯದ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ವಿಷದ ಪ್ರಮಾಣ ಇರಬಹುದಾದ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಹತ್ತು ದಿನದಲ್ಲಿ ವರದಿ ಬಂತು. ಆ ಡಬ್ಬಿಯಲ್ಲಿದ್ದದ್ದು ಬೇರೆ ಯಾವುದರದ್ದೂ ಅಲ್ಲ, ಮೂರನೇ ಕೋಣೆಗೆ ಇಳಿಸಿದ ಲೋಡುಗಳಿಂದ ನಾನು ಆರಿಸಿದ ಕಾಳು.

ಆ ವರದಿಯನ್ನು ಲಗತ್ತಿಸಿ ನಿಮಗೆ ಮೊದಲ ಪತ್ರ ಬರೆದೆ. ನಿಮ್ಮ ಉತ್ತರ: ನಿಮ್ಮ ಕಾಳಜಿ ಶ್ಲಾಘನೀಯ, ಆದರೆ ಬಾತುಕೋಳಿಗಳ ಆಹಾರ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಬಾತುಕೋಳಿಗಳು ಈ ಇಲಾಖೆಯ ವ್ಯಾಪ್ತಿಗೆ ಬರಬೇಕೆಂದು ನಾನೆಲ್ಲಿ ಕೇಳಿದ್ದೆ? ಎರಡನೇ ಪತ್ರದಲ್ಲಿ, ಮೂರನೇ ಕೋಣೆಯ ಜೋಳಕ್ಕೆ ಹೊಸದಾಗಿ ಮಾದರಿ ತೆಗೆಯಲು ಅನುಮತಿ ಕೊಡಿ ಎಂದು ಬೇಡಿಕೊಂಡೆ. ನಿಮ್ಮ ಉತ್ತರ: ತಮ್ಮ ಕರ್ತವ್ಯನಿಷ್ಠೆ ಇತರರಿಗೆ ಮಾದರಿ; ಆದರೆ ಪ್ರಮಾಣಪತ್ರ ಜಾರಿಯಲ್ಲಿರುವ ಸರಕಿಗೆ ಮರುಪರೀಕ್ಷೆ ಇಲ್ಲ. ಪ್ರಮಾಣಪತ್ರ ರದ್ದು ಮಾಡಿ ಎಂದರೆ, ಮರುಪರೀಕ್ಷೆಯಲ್ಲಿ ಸೋಲದ ಹೊರತು ರದ್ದು ಮಾಡಲು ಅವಕಾಶವಿಲ್ಲ. ನಾನು ಆ ಪತ್ರವನ್ನು ಹಿಂದುಮುಂದಾಗಿ ಹತ್ತು ಸಲ ಓದಿದೆ. ಈ ಬಾಗಿಲು ತೆರೆಯಬೇಕಾದರೆ ಆ ಬಾಗಿಲಿನಿಂದ ಬನ್ನಿ, ಆ ಬಾಗಿಲು ತೆರೆಯಬೇಕಾದರೆ ಈ ಬಾಗಿಲಿನಿಂದ ಬನ್ನಿ. ನಡುವೆ ನಾನು, ಕೈಯಲ್ಲೊಂದು ಬೀಗದ ಕೈ.

ಸುಮ್ಮನೆ ಕೂರಲಾಗಲಿಲ್ಲ. ತಿಂಗಳಿಗೊಮ್ಮೆ ಕೋಣೆ ತೆರೆದು ಇಲಿ ಹೆಗ್ಗಣ ನೋಡುವ ಪದ್ಧತಿ ಇದೆಯಲ್ಲ, ಆ ದಿನ ಮೇಲ್ವಿಚಾರಕರ ಎದುರಿಗೇ ಒಳಸಾಲಿನ ಚೀಲಗಳಿಗೆ ಕೊಳವೆ ಚುಚ್ಚಿ ಕಾಳು ತೆಗೆದೆ. ಈ ಸಲ ತಟ್ಟೆಯ ಮುಂದೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೆ. ನಗಬೇಡಿ, ಬೆರಳು ತಾನಾಗಿ ಹೋಗುತ್ತದೆ. ಹಸಿರು ಕಾಳುಗಳು ಕಣ್ಣು ಕುಕ್ಕುತ್ತಿದ್ದವು. ಒಂದನ್ನೂ ಮುಟ್ಟದೆ, ಹಾಗೆಯೇ ತುಂಬಿ, ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳಿಸಿದೆ. ನಾಲ್ಕನೇ ದಿನ ಚೀಲ ಬಿಚ್ಚಿ ನೋಡಿ, ಹಾಗೆಯೇ ವಾಪಸು ಕಳಿಸಿದರು. ಮೇಲೊಂದು ಚೀಟಿ: ಮಾದರಿಯಲ್ಲಿ ಬೂಷ್ಟು ಹಿಡಿದ ಕಾಳುಗಳಿವೆ, ಸರಿಪಡಿಸಿ ಮತ್ತೆ ಸಲ್ಲಿಸುವುದು.

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಆ ಚೀಟಿ ನನ್ನ ಮೇಜಿನ ಗಾಜಿನ ಕೆಳಗಿದೆ. ಬೂಷ್ಟು ಇದೆಯೇ ಎಂದು ನೋಡಲೆಂದೇ ಕಟ್ಟಿದ ಪ್ರಯೋಗಾಲಯ, ಬೂಷ್ಟು ಇದೆ ಎಂಬ ಕಾರಣಕ್ಕೆ ಪರೀಕ್ಷೆ ಮಾಡಲೊಲ್ಲದು. ಜ್ವರ ಇಳಿಸಿಕೊಂಡು ಬನ್ನಿ, ಆಮೇಲೆ ನೋಡುತ್ತೇನೆ ಎನ್ನುವ ವೈದ್ಯರನ್ನು ನೀವು ಕಂಡಿದ್ದೀರಾ?

ನಮ್ಮ ಮೇಲ್ವಿಚಾರಕರನ್ನು ನಾವೆಲ್ಲ 'ನೋಡೋಣ ಸಾಹೇಬರು' ಎನ್ನುತ್ತೇವೆ. ಯಾವುದನ್ನು ಕೇಳಿದರೂ ನೋಡೋಣ ಎನ್ನುವುದು ಅವರ ಅಭ್ಯಾಸ. ಕೆಟ್ಟವರಲ್ಲ. ಚೀಟಿ ತೋರಿಸಿದಾಗ ಮಾತ್ರ ಅವರು ನೋಡೋಣ ಎನ್ನಲಿಲ್ಲ. ಬಾಗಿಲು ಹಾಕಿ ಬಂದು ಎದುರಿಗೆ ಕೂತರು.

"ನೋಡಮ್ಮ, ನಿಂಗೆ ಬಿಡಿಸಿ ಹೇಳ್ತೀನಿ. ನೀನು ತಪ್ಪು ಮಾಡಿದ್ದೀಯ ಅಂತಾದ್ರೆ ನೋಡ್ಕೊಳ್ಳದೆ ಇದ್ದ ನಂದೂ ತಪ್ಪು. ಆರಿಸಿ ಕಳಿಸು ಅಂದ ಲ್ಯಾಬಿಂದೂ ತಪ್ಪು. ಫಲಕ ಕೊಟ್ಟ ದೊಡ್ಡವರದ್ದೂ ತಪ್ಪು. ಹನ್ನೊಂದು ವರ್ಷದ ಜೋಳ ಯಾರ್ಯಾರ ಹೊಟ್ಟೆ ಸೇರ್ತು ಅಂತ ಕೇಳಿದ್ರೆ ಬಾಯಿ ಬಿಡೋರು ಯಾರು?"

"ಅದಕ್ಕೇ?"

"ಅದಕ್ಕೇ ನೀನು ತಪ್ಪು ಮಾಡಿಲ್ಲ."

"ಮಾಡಿದ್ದೀನಿ ಸರ್. ನನ್ನ ಕೈಯಾರೆ ಮಾಡಿದ್ದೀನಿ."

"ಮಾಡಿಲ್ಲ ಕಣಮ್ಮ. ನಿನ್ನ ಫೈಲು ಕನ್ನಡಿ ಹಾಗಿದೆ. ಸುಮ್ಮನೆ ಯಾಕೆ ಗೀಚ್ಕೋತೀಯ?"

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇದ್ದದ್ದು ಕನಿಕರ, ಅದೂ ನನ್ನ ಮೇಲೆ. ಕಳ್ಳತನ ಮಾಡದವನನ್ನು ಹಿಡಿದು ಜೈಲಿಗೆ ಹಾಕಿದರೆ ಅವನು ಕೂಗಬಹುದು, ನ್ಯಾಯ ಕೇಳಬಹುದು. ತಪ್ಪು ಮಾಡಿದವಳನ್ನು ಹಿಡಿದು ನಿರಪರಾಧಿ ಎಂದು ಒಳಗೆ ಕೂಡಿಹಾಕಿದರೆ ಅವಳು ಯಾವ ಕೋರ್ಟಿಗೆ ಹೋಗಬೇಕು?

ಮೂರನೇ ಪತ್ರಕ್ಕೆ ನೀವು ಕೊಟ್ಟ ಉತ್ತರ ಇದಕ್ಕೆಲ್ಲ ಕಿರೀಟ. ನಾನು ಅತಿಯಾದ ಕೆಲಸದಿಂದ ಬಳಲಿರುವುದನ್ನು ಕಚೇರಿ ಮೆಚ್ಚುಗೆಯಿಂದ ಗಮನಿಸಿದೆಯಂತೆ. ಕೇಳದೇ ಇದ್ದರೂ ಸೋಮವಾರದಿಂದ ನನಗೆ ಮೂವತ್ತು ದಿನ ಸಂಬಳಸಹಿತ ರಜೆ ಮಂಜೂರಾಗಿದೆಯಂತೆ. ಶನಿವಾರ ಸಂಜೆಯೊಳಗೆ ಬೀಗದ ಕೈಯನ್ನು ಮೇಲ್ವಿಚಾರಕರಿಗೆ ಒಪ್ಪಿಸಬೇಕಂತೆ. ಒಪ್ಪಿಸದಿದ್ದರೆ ಕರ್ತವ್ಯಲೋಪವಂತೆ, ಶಿಸ್ತುಕ್ರಮವಂತೆ. ಅಂದರೆ ಶಿಕ್ಷೆ ಕೊಡುವುದು ನಿಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹನ್ನೊಂದು ವರ್ಷ ತಪ್ಪು ಮಾಡಿದ್ದಕ್ಕೆ ಬೆನ್ನು ತಟ್ಟುತ್ತೀರಿ, ಒಂದು ದಿನ ಸರಿ ಮಾಡಿದರೆ ಶಿಸ್ತುಕ್ರಮ! ಬೀಗದ ಕೈ ಕೊಡದೆ ಇಟ್ಟುಕೊಂಡೆ ಎನ್ನಿ. ಏನಾಗುತ್ತದೆ? ಆ ಬೀಗ ಕೊಯ್ಯಲು ಹತ್ತು ನಿಮಿಷ ಸಾಕು. ಲಾರಿಗಳು ಹತ್ತು ಗಂಟೆಯ ಬದಲು ಹತ್ತೂಕಾಲಿಗೆ ತುಂಬುತ್ತವೆ. ಕೊಟ್ಟರೂ ಬಾಗಿಲು ತೆರೆಯುತ್ತದೆ, ಕೊಡದಿದ್ದರೂ ತೆರೆಯುತ್ತದೆ. ಕೊಡದಿದ್ದರೆ ನಾನು ಕೆಲಸದಿಂದ ಹೊರಗೆ, ಪ್ರಮಾಣಪತ್ರ ಒಳಗೆ ಸುಖವಾಗಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಗದದ ಮಾತು. ಇನ್ನು ಹೇಳುವುದಕ್ಕೆ ನನಗೆ ಕಷ್ಟವಾಗುತ್ತದೆ, ಆದರೂ ಹೇಳುತ್ತೇನೆ.

ನನ್ನ ತಂಗಿ ಒಂದು ಶಿಶುಕೇಂದ್ರದಲ್ಲಿ ಅಡುಗೆ ಮಾಡುತ್ತಾಳೆ. ಉದ್ದನೆಯ ಒಂದೇ ಕೋಣೆ, ಗೋಡೆಗೆ ಒರಗಿಸಿದ ಗಿಡ್ಡ ಬೆಂಚುಗಳು, ಮೂಲೆಯಲ್ಲಿ ಒಲೆ, ಅದರ ಪಕ್ಕದಲ್ಲಿ ಹಿಟ್ಟಿನ ಚೀಲಗಳು. ಇಪ್ಪತ್ತೆಂಟು ಮಕ್ಕಳು. ಅದರಲ್ಲೊಂದು ಅವಳ ಮಗಳೇ, ಇನ್ನೂ ಮೂರು ತುಂಬಿಲ್ಲ. ನನ್ನನ್ನು ದೊಡ್ಡಮ್ಮ ಎನ್ನಲು ಬಾರದೆ ಡೊಮ್ಮ ಎನ್ನುತ್ತಾಳೆ. ಹೋದ ವಾರ ಒಂದು ದಿನ ಬೆಳಗ್ಗೆಯೇ ಓಡಿಹೋಗಿ ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಸರಿ. ಹಾಗಾದ್ರೆ ಇವತ್ತು ಏನ್ ಬೇಯಿಸ್ಲಿ?"

"ಇದನ್ನ ಬೇಯಿಸ್ಬೇಡ."

"ಇದನ್ನಲ್ಲ ಅಂದ್ರೆ ಇನ್ಯಾವುದು ಅಕ್ಕ? ಇಲ್ಲಿರೋದು ಇದೇ. ಅರ್ಧಕ್ಕರ್ಧ ಮಕ್ಕಳು ಮನೇಲಿ ಏನೂ ತಿನ್ನದೆ ಬರ್ತಾವೆ. ಹತ್ತು ಗಂಟೆಗೆ ಬಟ್ಟಲು ಹಿಡ್ಕೊಂಡು ಸಾಲಾಗಿ ಕೂತಿರ್ತಾವೆ. ನಮ್ಮಕ್ಕ ಕಾಳು ಆರಿಸಿಬಿಟ್ಟಿದ್ಳು ಅಂತ ಹೇಳ್ಲಾ ಅವಕ್ಕೆ?"

ಅವಳು ಮೂಲೆಗೆ ಹೋಗಿ ಚೀಲಗಳ ಮೇಲೆ ಒಂದೊಂದಾಗಿ ಕೈಯಿಟ್ಟಳು. "ಆರು ಚೀಲ ಇದೆ. ಎಲ್ಲಾನೂ ಕೆಟ್ಟಿರಲ್ಲ ಅಂದೆ ತಾನೆ? ಯಾವುದು ಒಳ್ಳೇದು ಹೇಳು. ಪರೀಕ್ಷೆಗೆ ಕಳಿಸ್ದೋಳು ನೀನೇ ಅಲ್ವಾ?"

ಮಾನ್ಯರೇ, ನನಗೆ ಹೇಳಲಾಗಲಿಲ್ಲ. ಅದು ಹಿಂದೆ ಹೋದ ಲೋಡಿನ ಹಿಟ್ಟು, ಆದರೂ ಚೀಲದ ಮೇಲಿದ್ದ ಮುದ್ರೆ ನಮ್ಮ ಗೋದಾಮಿನದೇ. ಅದನ್ನು ನೋಡಿ ಇದು ತಿನ್ನುವಂಥದ್ದು, ಇದು ಅಲ್ಲ ಎಂದು ಹೇಳುವುದಕ್ಕಾಗಿಯೇ ನಿಮ್ಮ ಇಲಾಖೆ ಇದೆ, ನಾನಿದ್ದೇನೆ. ಅವಳ ಮುಂದೆ ನಾನು ಓದು ಬಾರದವಳ ಹಾಗೆ ನಿಂತಿದ್ದೆ. ಅವಳು ಕಾಯುವಷ್ಟು ಕಾದು, ಒಂದು ಚೀಲದ ಬಾಯಿ ಬಿಚ್ಚಿ, ಗಂಜಿ ಕದಡಿದಳು. ಮಕ್ಕಳಿಗೆ ಬಡಿಸಿದಳು. ಕೊನೆಗೆ ತನ್ನ ಮಗಳ ಬಟ್ಟಲು ತೆಗೆದುಕೊಂಡಳು.

ನಾನು ಅವಳ ಕೈ ಹಿಡಿದುಕೊಂಡೆ. "ಇವಳಿಗೆ ಬೇಡ. ಇವಳಿಗೆ ನಾನು ಮನೆಯಿಂದ ಏನಾದ್ರೂ ತಂದ್ಕೊಡ್ತೀನಿ."

ತಂಗಿ ನನ್ನ ಕೈ ಬಿಡಿಸಿಕೊಂಡಳು. "ಇಪ್ಪತ್ತೇಳು ಮಕ್ಕಳಿಗೆ ಹಾಕಿ ನನ್ನ ಮಗಳಿಗೊಬ್ಬಳಿಗೆ ಹಾಕ್ದೆ ಇದ್ರೆ ನಾನ್ಯಾರಕ್ಕ?" ಎಂದಳು. ಹಾಕಿದಳು. ಮಗು ತಿಂದು, ಬಟ್ಟಲು ನೆಕ್ಕಿ, ನನಗೆ ತೋರಿಸಿತು. ನನಗೆ ತಡೆಯಲಾರದ ಅಳು ಬಂತು. ಮಕ್ಕಳೆಲ್ಲ ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡಿದವು.

ಆ ಕೇಂದ್ರದ ಗೋಡೆಯ ಮೇಲೆ ಪ್ರತಿ ಮಗುವಿನ ಎತ್ತರ ತೂಕ ಗುರುತು ಹಾಕುವ ಹಾಳೆಯಿದೆ. ನಮ್ಮ ಮಗುವಿನ ಗೆರೆ ಎಂಟು ತಿಂಗಳಿನಿಂದ ಮೇಲೇರಿಲ್ಲ. ಅದಕ್ಕೆ ಈ ಜೋಳವೇ ಕಾರಣ ಎಂದು ನಾನು ಹೇಳಲಾರೆ. ಹುಟ್ಟಿನಿಂದಲೇ ಸಣಕಲು ಇರಬಹುದು, ಹೊಟ್ಟೆಯಲ್ಲಿ ಹುಳು ಇರಬಹುದು. ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದರೆ ಈ ಜೋಳದಿಂದಲ್ಲ ಎಂದು ಎದೆ ತಟ್ಟಿ ಹೇಳಬಹುದಿತ್ತು. ಈಗ ಹೌದು ಎನ್ನುವಂತೆಯೂ ಇಲ್ಲ, ಅಲ್ಲ ಎನ್ನುವಂತೆಯೂ ಇಲ್ಲ. ಇದೇ ನನ್ನನ್ನು ತಿನ್ನುತ್ತಿರುವುದು.

ಆದ್ದರಿಂದ ನನ್ನ ಬೇಡಿಕೆ. ನಿಮಗೆ ಬರೆಯುವ ತೊಂದರೆಯೂ ಬೇಡವೆಂದು ಆದೇಶವನ್ನು ನಾನೇ ಸಿದ್ಧಪಡಿಸಿದ್ದೇನೆ, ನಿಮ್ಮ ಭಾಷೆಯಲ್ಲೇ:

"ಸದರಿ ಗೋದಾಮಿನಲ್ಲಿ ಮಾದರಿ ತೆಗೆಯುವ ಮಹಿಳಾ ಸಿಬ್ಬಂದಿಯು ಹನ್ನೊಂದು ವರ್ಷಗಳ ಕಾಲ ಮಾದರಿಗಳಿಂದ ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ತೆಗೆದಿರುವುದು ಆಕೆಯ ಸ್ವಂತ ತಪ್ಪೊಪ್ಪಿಗೆಯಿಂದ ಸಾಬೀತಾಗಿದೆ. ಆಕೆಯನ್ನು ತಪ್ಪಿತಸ್ಥೆ ಎಂದು ಘೋಷಿಸಿ ಸೇವೆಯಿಂದ ವಜಾ ಮಾಡಲಾಗಿದೆ. ಆ ಕಾರಣದಿಂದ ಆಕೆ ಸಹಿ ಮಾಡಿದ ಎಲ್ಲ ಪ್ರಮಾಣಪತ್ರಗಳೂ ರದ್ದಾಗಿವೆ. ಮೂರನೇ ಕೋಣೆಯ ಸರಕನ್ನು ತಡೆಹಿಡಿದು, ಒಳಸಾಲಿನ ಚೀಲಗಳಿಂದ, ಒಂದು ಕಾಳನ್ನೂ ಆರಿಸದೆ, ಹೊರಗಿನವರ ಸಮ್ಮುಖದಲ್ಲಿ ಮರುಪರೀಕ್ಷೆ ಮಾಡತಕ್ಕದ್ದು. ಶಿಶುಕೇಂದ್ರಗಳಲ್ಲಿರುವ ಹಿಟ್ಟನ್ನು ಹಿಂಪಡೆದು, ಅದೇ ದಿನ, ಹತ್ತು ಗಂಟೆಯ ಒಳಗೆ, ಬೇರೆ ಆಹಾರ ತಲುಪಿಸತಕ್ಕದ್ದು."

ಇದರಲ್ಲಿ ಮೇಲ್ವಿಚಾರಕರ ಹೆಸರಿಲ್ಲ, ಪ್ರಯೋಗಾಲಯದ ಹೆಸರಿಲ್ಲ, ನಿಮ್ಮದೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ನೀವೆಲ್ಲ ಕೈತೊಳೆದುಕೊಂಡು ಮನೆಗೆ ಹೋಗಿ, ನನಗೆ ಬೇಸರವಿಲ್ಲ. ಅಪರಾಧಿಯೇ ಬೇಕೆಂದರೆ ಇಗೋ, ಬಾಗಿಲಲ್ಲೇ ನಿಂತಿದ್ದೇನೆ. ಇಷ್ಟು ಅಗ್ಗದಲ್ಲಿ ಇನ್ನೊಬ್ಬಳು ನಿಮಗೆ ಸಿಗುವುದಿಲ್ಲ. ಶನಿವಾರ ಸಂಜೆ ಬೀಗದ ಕೈ ಒಪ್ಪಿಸುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಎರಡರಲ್ಲಿ ಯಾವುದರಿಂದಲೂ ಏನೂ ಬದಲಾಗದು ಎಂಬುದು ಮಾತ್ರ ಗೊತ್ತು. ಬದಲಾಗಬೇಕಾದರೆ ನಿಮ್ಮ ಒಂದು ಸಹಿ ಬೇಕು.

ನಾನು ತಪ್ಪು ಮಾಡಿದ್ದೇನೆ, ಮಾನ್ಯರೇ. ದಯವಿಟ್ಟು ನಂಬಿ. ನೀವು ನಂಬುವ ತನಕ ನನ್ನ ತಂಗಿ ಗಂಜಿ ಕಾಯಿಸುತ್ತಿರಬೇಕು.

ಇಂತಿ,
ನಿಮ್ಮ ಕಡತದಲ್ಲಿ ಒಂದೂ ಕಪ್ಪುಚುಕ್ಕೆಯಿಲ್ಲದ,
ಒಂದನ್ನಾದರೂ ಇಡಿ ಎಂದು ಬೇಡುತ್ತಿರುವ,
ಮಾದರಿ ತೆಗೆಯುವವಳು